ಬ್ಯಾಟ್‌ಮ್ಯಾನ್ ಕಾರು ಕಳುವಾಯ್ತು

ನಿದ್ದೆ ಬರಲಿಲ್ಲ ಅಂತ ನಿನ್ನೆ ರಾತ್ರಿ ಸುಮ್ನೆ ಒಂದು ಹಳೇ ಟಿವಿ ಸಿನಿಮಾ ಹಾಕಿಕೊಂಡು ಕೂತೆ. 2003ರ 'ರಿಟರ್ನ್ ಟು ದ ಬ್ಯಾಟ್‌ಕೇವ್'. 1966ರ ಬ್ಯಾಟ್‌ಮ್ಯಾನ್ ಧಾರಾವಾಹಿಯಲ್ಲಿ ಬ್ಯಾಟ್‌ಮ್ಯಾನ್ ಆಗಿದ್ದ ಆಡಮ್ ವೆಸ್ಟ್, ಅವನ ಜೊತೆಗಾರ ರಾಬಿನ್ ಆಗಿದ್ದ ಬರ್ಟ್ ವಾರ್ಡ್ ಇಬ್ಬರೂ ಇದರಲ್ಲಿ ತಾವು ತಾವೇ ಆಗಿ ನಟಿಸಿದ್ದಾರೆ. ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್ ಕಳುವಾಗುತ್ತದೆ, ಹುಡುಕಲು ಹೊರಡುವುದು ಈ ವಯಸ್ಸಾದ ನಟರು! ಪೊಲೀಸರಿಗೆ ಬಿಡಬಹುದಿತ್ತು, ಅಲ್ವಾ? ಬಿಟ್ಟರೆ ಕಥೆ ಎಲ್ಲಿರುತ್ತದೆ. ಧಾರಾವಾಹಿಯ ಖಳರಲ್ಲಿ ಕ್ಯಾಟ್‌ವುಮನ್ ಆಗಿದ್ದ ಜೂಲಿ ನ್ಯೂಮಾರ್, ರಿಡ್ಲರ್ ಆಗಿದ್ದ ಫ್ರಾಂಕ್ ಗಾರ್ಶಿನ್ ಕೂಡ ಬರುತ್ತಾರೆ.

ಆಮೇಲೆ ಹಳೇ ಧಾರಾವಾಹಿಯ ತುಣುಕು ಹುಡುಕಿದೆ. ಅದರಲ್ಲಿ ಗೋಡೆ ಹತ್ತುವ ದೃಶ್ಯ ಹೇಗೆ ತೆಗೆಯುತ್ತಿದ್ದರು ಗೊತ್ತಾ? ಗೋಡೆಯ ಸೆಟ್ಟನ್ನು ನೆಲದ ಮೇಲೆ ಮಲಗಿಸಿ, ಕ್ಯಾಮೆರಾ ಅಡ್ಡ ತಿರುಗಿಸಿ. ಇಬ್ಬರೂ ಹಗ್ಗ ಹಿಡಿದು, ಸೊಂಟ ಬಗ್ಗಿಸಿ ಆರಾಮಾಗಿ ನಡೆಯುತ್ತಾರೆ. ಬೆನ್ನ ಮೇಲಿನ ಬಟ್ಟೆ ಕೆಳಗೆ ಜೋತುಬಿದ್ದ ಹಾಗೆ ಕಾಣಲಿ ಅಂತ ದಾರ ಕಟ್ಟಿ ಎಳೆದಿರುತ್ತಾರೆ. ಮುಖ ಮಾತ್ರ ಭಾರಿ ಗಂಭೀರ. ಮೂರು ಸಲ ನೋಡಿದೆ, ಮೂರು ಸಲವೂ ನಕ್ಕೆ.

ಅಂಥ ಬಿಗಿ ಉಡುಪಿನ ದಿನಗಳನ್ನು ಇವರು ಮತ್ತೆ ಕ್ಯಾಮೆರಾ ಮುಂದೆ ತಂದು ನಗಿಸಿದ್ದಾರೆ. ನಾನಿನ್ನೂ ನನ್ನ ಕಾಲೇಜು ಫೋಟೋನೇ ಯಾರಿಗೂ ತೋರಿಸಿಲ್ಲ.