ಒಟಿಪಿ ಯಾರ ಫೋನಿಗೆ ಹೋಯ್ತು?

ಕೊಡಗಿನ ಸಿದ್ದಾಪುರದ ಹತ್ತಿರ ನನ್ನದೊಂದು ಸಣ್ಣ ಸೈಬರ್ ಅಂಗಡಿ ಇದೆ. ತೋಟಗಳಿಗೆ ರಜೆ ಇರುವ ದಿನ ಕಾಲಿಡಲು ಜಾಗ ಇರುವುದಿಲ್ಲ. ಬಂದವರ ಕೈಯಲ್ಲಿ ರೇಷನ್ ಕಾರ್ಡ್, ಪಾಸ್‌ಬುಕ್, ಏನೇನೋ ಇರುತ್ತೆ. ಮಾತಾಡಿಸಿದರೆ ಕೊನೆಗೆ ವಿಷಯ ಬಾಣಂತಿಗೋ ಮಗುವಿಗೋ ಆಸ್ಪತ್ರೆಗೋ ಬಂದು ನಿಲ್ಲುತ್ತದೆ.

ಹೋದ ಮಳೆಗಾಲದಲ್ಲಿ ನಮ್ಮ ಕಡೆಯ ಆದಿವಾಸಿಗಳಾದ ಯರವರ ಹುಡುಗಿಯೊಬ್ಬಳು ಬಂದಳು. ಚೊಚ್ಚಲ ಬಸುರಿ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿದ್ದಳು. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಗಬೇಕು, ಅವಳಿಗೆ ಒಂದು ಕಂತೂ ಬಂದಿರಲಿಲ್ಲ. ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ನೋಡೋಣ ಅಂತ ನಂಬರ್ ಹಾಕಿದೆ. ಆಧಾರಿನಲ್ಲಿದ್ದ ಫೋನ್ ನಂಬರಿಗೆ ಒಟಿಪಿ ಹೋಯ್ತು.

"ಬಂತಾ?" ಅಂದೆ.

"ಆ ನಂಬರ್ ನಂದಲ್ಲ ಅಕ್ಕ. ಮುಂಚೆ ಇದ್ದ ತೋಟದಲ್ಲಿ ಲೆಕ್ಕ ಬರೆಯೋ ರೈಟರದ್ದು. ಸಾಲದ ಜಗಳ ಆಗಿ ಬಿಟ್ಟು ಬಂದೆವು. ಈಗ ಅವರನ್ನ ಹೇಗೆ ಕೇಳೋದು?"

ಬಸುರಿ ಹೆಂಗಸು ಕೂಲಿ ಬಿಟ್ಟು ಸ್ವಲ್ಪ ಸುಧಾರಿಸಿಕೊಳ್ಳಲಿ, ಒಳ್ಳೆಯದು ತಿನ್ನಲಿ ಅಂತ ಕೊಡುವ ದುಡ್ಡು ಅದು. ಅದರ ಬೀಗದ ಕೈ ಹಳೇ ಧಣಿಯ ಕಡೆಯವರ ಜೇಬಿನಲ್ಲಿತ್ತು. ಆಶಾ ಕಾರ್ಯಕರ್ತೆ ಜೊತೆಗೆ ಹೋಗಿ ನಂಬರ್ ಬದಲಾಯಿಸಿಕೊಟ್ಟರು. ದುಡ್ಡು ಬರುವಷ್ಟರಲ್ಲಿ ಹೆರಿಗೆ ಆಗಿತ್ತು.

ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಇದು ಹೊಸದೇನಲ್ಲ. ಮನೆಗೊಂದು ಫೋನು, ಅದು ಗಂಡನ ಜೊತೆ ಕೆಲಸಕ್ಕೆ ಹೋಗುತ್ತೆ. ರೀಚಾರ್ಜ್ ತಪ್ಪಿದರೆ ಸಿಮ್ ಸತ್ತುಹೋಗುತ್ತೆ, ಆಮೇಲೆ ಅದೇ ನಂಬರ್ ಇನ್ಯಾರಿಗೋ ಸಿಗುತ್ತೆ. ಆಧಾರಿನಲ್ಲಿರುವ ಫೋನ್ ನಂಬರ್ ಬದಲಾಯಿಸಲು ಇವರು ಹೆಚ್ಚಾಗಿ ಖುದ್ದಾಗಿ ಹೋಗಿ ಬೆರಳು ಒತ್ತಬೇಕಾಗುತ್ತೆ. ವರ್ಷಗಟ್ಟಲೆ ಕತ್ತಿ ಹಿಡಿದ, ಕಾಫಿ ಕುಯ್ದ ಬೆರಳಿನ ಗೆರೆಗಳನ್ನು ಎಷ್ಟೋ ಸಲ ಮೆಷಿನ್ ಹಿಡಿಯುವುದೇ ಇಲ್ಲ. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜೂ ಹೋಯ್ತು. ಸಂಜೆ ಕತ್ತಲಾದರೆ ದಾರಿಯಲ್ಲಿ ಆನೆ ಭಯ.

2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ಶೇ 82 ದಾಟಿತ್ತು. ಆದರೆ ಜಿಲ್ಲೆಯ ಸರಾಸರಿ ನೋಡಿದರೆ ಆದಿವಾಸಿಗಳು ವಾಸಿಸುವ ಹಾಡಿಗಳು ಕಾಣುವುದಿಲ್ಲ.

ಸಿಕಲ್ ಸೆಲ್ ಕಾಯಿಲೆಯ ಬಗ್ಗೆಯೂ ಹೇಳಲೇಬೇಕು. ನಮ್ಮ ಕಡೆಯ ಆದಿವಾಸಿಗಳಲ್ಲಿ ಅದು ಇದೆ. ರಕ್ತದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಆಗ ಬರುವ ನೋವು ತಡೆಯಲು ಆಗುವುದಿಲ್ಲ. 2047ರೊಳಗೆ ಇದನ್ನು ಇಲ್ಲವಾಗಿಸುವ ಗುರಿ ಇಟ್ಟು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಒಂದು ಅಭಿಯಾನ ಶುರುಮಾಡಿತು. ರಕ್ತ ಪರೀಕ್ಷೆ ಮಾಡುತ್ತಾರೆ, ಕಾರ್ಡ್ ಕೊಡುತ್ತಾರೆ, ಹೆಸರು ಪೋರ್ಟಲ್ಲಿಗೆ ಹೋಗುತ್ತೆ. ಒಳ್ಳೆಯ ಕೆಲಸವೇ. ಡಾಕ್ಟರು ಹೇಳುವುದು ಇಷ್ಟು: ಚೆನ್ನಾಗಿ ನೀರು ಕುಡಿ, ಚಳಿಗೆ ಮೈ ಒಡ್ಡಬೇಡ, ಜಾಸ್ತಿ ದಣಿಯಬೇಡ. ಜುಲೈ ತಿಂಗಳ ಮಳೆಯಲ್ಲಿ ದಿನಗೂಲಿಗೆ ಕಳೆ ತೆಗೆಯುವವಳು ಇದರಲ್ಲಿ ಯಾವುದನ್ನು ಪಾಲಿಸಬೇಕು? ನೀರು ಕುಡಿದರೆ ಎದ್ದು ಹೋಗಬೇಕಲ್ವಾ, ತೋಟದ ಮಧ್ಯೆ ಕಕ್ಕಸು ಎಲ್ಲಿದೆ? ಅದಕ್ಕೇ ಎಷ್ಟೋ ಹೆಂಗಸರು ಬೆಳಗ್ಗೆಯಿಂದ ಸಂಜೆವರೆಗೆ ಬಾಯಾರಿಕೊಂಡೇ ಇರುತ್ತಾರೆ. ಯಾವ ಆ್ಯಪ್ ಬಂದರೂ ಅಲ್ಲೊಂದು ಕಕ್ಕಸು ಕಟ್ಟಲೇಬೇಕು.

ತಂತ್ರಜ್ಞಾನ ಬೇಡ ಅಂತ ನಾನು ಹೇಳುವುದಿಲ್ಲ. ಅದೇ ನನ್ನ ಅನ್ನ. ಇ-ಸಂಜೀವಿನಿಯಲ್ಲಿ ಉಪಕೇಂದ್ರದಲ್ಲೇ ಕೂತು ದೂರದ ಡಾಕ್ಟರ ಜೊತೆ ಮಾತಾಡಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಷ್ಟು ದೂರದ ಓಡಾಟ ಒಂದು ಸಲ ತಪ್ಪಿದರೂ ಬಡವರಿಗೆ ದೊಡ್ಡದು. ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ. ಕಾಯಿಲೆಗಳು ಜಾಸ್ತಿ ಆಗುವುದೂ ಅದೇ ತಿಂಗಳುಗಳಲ್ಲಿ.

ಪಂಚಾಯಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಆಧಾರ್ ಮೆಷಿನ್ನನ್ನು ರಜೆಯ ದಿನ ಹಾಡಿಗೆ ತರಿಸಿ. ಬೆರಳು ಹಿಡಿಯದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿಸಿ. ಒಟಿಪಿ ಬರದವರಿಗೆ ಆಶಾ ಕಾರ್ಯಕರ್ತೆಯ ಪುಸ್ತಕದ ದಾಖಲೆಯನ್ನೇ ಒಪ್ಪಿಕೊಳ್ಳುವಂತೆ ಮೇಲಿನವರಿಗೆ ಬರೆಯಿರಿ. ಅರ್ಜಿ ತುಂಬಲು ಜನ ಬೇಕಾದರೆ ಅವತ್ತು ಅಂಗಡಿ ಮುಚ್ಚಿ ನಾನೇ ಬರುತ್ತೇನೆ.