ಸ್ಟೂಡೆಂಟ್ ವೀಸಾದವರು ಸಿಟಿಜನ್‌ನ ಮದುವೆಯಾದರೆ ಗ್ರೀನ್ ಕಾರ್ಡ್ ತಾನಾಗಿಯೇ ಬರುತ್ತಾ?

ನನ್ನ ಗಂಡ ಅಮೆರಿಕಕ್ಕೆ ಬಂದಿದ್ದು ಎಫ್-1 ವೀಸಾದಲ್ಲಿ, ಓದಲು. ನಾನು ಇಲ್ಲಿನ ಸಿಟಿಜನ್. ಅಷ್ಟು ಗೊತ್ತಾದರೆ ಸಾಕು, ಸತ್ಯನಾರಾಯಣ ಪೂಜೆಯಿರಲಿ, ರಾಜ್ಯೋತ್ಸವದ ಊಟದ ಸಾಲಿರಲಿ, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಸಿಟಿಜನ್‌ನ ಮದುವೆಯಾದರೆ ಗ್ರೀನ್ ಕಾರ್ಡ್ ಬಂದೇ ಬರುತ್ತಲ್ವಾ?"

ಇಲ್ಲ, ತಾನಾಗಿಯೇ ಬರಲ್ಲ. ಮದುವೆಯಿಂದ ಸಿಗುವುದು ಅರ್ಜಿ ಹಾಕುವ ಹಕ್ಕು, ಅಷ್ಟೇ. ಆ ಅರ್ಜಿಯನ್ನು ಯಾವಾಗ, ಯಾವ ಕ್ರಮದಲ್ಲಿ, ಎಲ್ಲಿ ಕೂತು ಹಾಕುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಎಲ್ಲರೂ ಇಂಟರ್ವ್ಯೂಗೆ ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ ಜನ ಎಡವುವುದು ಇಂಟರ್ವ್ಯೂನಲ್ಲಲ್ಲ, ವಿಮಾನದ ಟಿಕೆಟ್‌ನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ನಾನು ವಕೀಲೆ ಅಲ್ಲ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ.

ಯಾರಾದರೂ ಕೇಳಿದಾಗ ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮ್ಮ ಹುಡುಗ ಅಥವಾ ಹುಡುಗಿ ಸಿಟಿಜನ್ನೋ, ಗ್ರೀನ್ ಕಾರ್ಡ್ ಇರುವವರೋ? ಇವೆರಡರ ದಾರಿಯೇ ಬೇರೆ. ಸಿಟಿಜನ್‌ನ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿಯಿಲ್ಲ. ಎಚ್-1ಬಿ ಅನ್ನುವ ಕೆಲಸದ ವೀಸಾ ಕಡೆಯಿಂದ ಗ್ರೀನ್ ಕಾರ್ಡ್‌ಗೆ ಭಾರತದವರು ಕಾಯುವ ಆ ಉದ್ದದ ಕ್ಯೂ ಇಲ್ಲಿಲ್ಲ. ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾದರೆ ಎಫ್2ಎ ಅನ್ನುವ ವರ್ಗ. ಅದಕ್ಕೆ ಮಿತಿಯಿದೆ, ಪ್ರತಿ ತಿಂಗಳು ವೀಸಾ ಬುಲೆಟಿನ್ (ಯಾರ ಸರದಿ ಬಂತು ಅನ್ನುವ ಸರ್ಕಾರಿ ಪಟ್ಟಿ) ನೋಡುತ್ತಾ ನಿಮ್ಮ ತಾರೀಖು ಬರುವ ತನಕ ಕಾಯಬೇಕು, ಅಲ್ಲಿಯವರೆಗೆ ಸ್ಟೂಡೆಂಟ್ ಸ್ಟೇಟಸ್ ಬಿಡದೆ ಉಳಿಸಿಕೊಳ್ಳಬೇಕು. ನಡುವೆ ಅವರು ಸಿಟಿಜನ್ ಆದರೆ ನಿಮ್ಮ ಅರ್ಜಿಯೂ ಮೇಲಿನ ವರ್ಗಕ್ಕೆ ಏರುತ್ತದೆ.

ಮುಂದೆ ಬರೆಯುವುದೆಲ್ಲ ಸಿಟಿಜನ್‌ನ ಮದುವೆಯಾದವರ ಲೆಕ್ಕ.

ಮೊದಲು ಮದುವೆಯೇ ಸರಿಯಾಗಿ ಆಗಬೇಕು. ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದು ದೇವರಿಗೆ ಸಾಕು, ಕೌಂಟಿಗೆ ಸಾಲದು. ಕೌಂಟಿ ಅಂದರೆ ಇಲ್ಲಿನ ಜಿಲ್ಲೆ ಇದ್ದ ಹಾಗೆ. ಅದರ ಕ್ಲರ್ಕ್ ಹತ್ತಿರ, ಕೆಲವು ರಾಜ್ಯಗಳಲ್ಲಿ ಸಿಟಿ ಅಥವಾ ಟೌನ್ ಕ್ಲರ್ಕ್ ಹತ್ತಿರ, ಮ್ಯಾರೇಜ್ ಲೈಸೆನ್ಸ್ ತಗೋಬೇಕು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಸಿಕ್ಕ ಮೇಲೆ 24 ಗಂಟೆ ಕಾಯಬೇಕು, ಟೆಕ್ಸಾಸ್‌ನಲ್ಲಿ 72 ಗಂಟೆ. ಮದುವೆ ಮಾಡಿಸಿದವರು ಸಹಿ ಹಾಕಿದ ಮೇಲೆ ಅದು ದಾಖಲಾಗುತ್ತದೆ. ಅರ್ಜಿಗೆ ಬೇಕಾಗಿರುವುದು ಆ ದಾಖಲೆಯ ಅಧಿಕೃತ ಪ್ರತಿ, ಹೂಬಳ್ಳಿ ಚಿತ್ರದ ಚಂದದ ಸರ್ಟಿಫಿಕೇಟ್ ಅಲ್ಲ.

ಆಮೇಲೆ ಫಾರಂಗಳು. ಸಿಟಿಜನ್ ಆದವರು ಐ-130 ಹಾಕಬೇಕು, ಇವರು ನನ್ನ ಗಂಡ ಅಥವಾ ಹೆಂಡತಿ ಅಂತ. ಸ್ಟೂಡೆಂಟ್ ಹಾಕುವುದು ಐ-485, ನನ್ನನ್ನು ಇಲ್ಲೇ ಖಾಯಂ ನಿವಾಸಿ ಮಾಡಿ ಅಂತ. ಸರಿಯಾಗಿ ವೀಸಾ ತೋರಿಸಿ ಒಳಗೆ ಬಂದಿದ್ದರೆ, ಅಂದರೆ ದೇಶದೊಳಗೆ ಬಂದದ್ದರ ಐ-94 ದಾಖಲೆ ಇದ್ದರೆ, ಎರಡನ್ನೂ ಒಟ್ಟಿಗೇ ಕಳಿಸಬಹುದು. ಜೊತೆಗೆ ಕೆಲಸದ ಪರ್ಮಿಟ್‌ಗೆ ಐ-765, ಪ್ರಯಾಣದ ಅನುಮತಿಗೆ ಐ-131. 2024ರ ಏಪ್ರಿಲ್ 1ರಂದು ಬಂದ ದರದ ಪ್ರಕಾರ ಕಾಗದದಲ್ಲಿ ಹಾಕಿದರೆ ಐ-130ಕ್ಕೆ 675 ಡಾಲರ್, ಐ-485ಕ್ಕೆ 1,440, ಪರ್ಮಿಟ್‌ಗೆ 260, ಪ್ರಯಾಣಕ್ಕೆ 630. ಒಟ್ಟು 3,005. ಡಾಕ್ಟರ್ ಖರ್ಚು ಬೇರೆ. ಕಳಿಸುವ ದಿನ ವಲಸೆ ಅರ್ಜಿ ನೋಡುವ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟ್‌ನಲ್ಲಿ ಫೀಸು ಮತ್ತೆ ನೋಡಿ, ತಪ್ಪು ಫೀಸು ಹಾಕಿದರೆ ಇಡೀ ಕಟ್ಟು ವಾಪಸ್ ಬರುತ್ತದೆ.

ಡಾಕ್ಟರ್ ಅಂದರೆ ನಿಮ್ಮ ಮಾಮೂಲಿ ಡಾಕ್ಟರ್ ಅಲ್ಲ, ಸಿವಿಲ್ ಸರ್ಜನ್ ಅಂತ ಪಟ್ಟಿಯಲ್ಲಿ ಇರುವವರು. ಅವರು ಐ-693 ತುಂಬಿ, ಲಕೋಟೆ ಸೀಲ್ ಮಾಡಿ ಕೊಡುತ್ತಾರೆ. ಕುತೂಹಲಕ್ಕೂ ಅದನ್ನು ಒಡೆಯಬೇಡಿ. ಮುಂಚೆ ಇದನ್ನು ಇಂಟರ್ವ್ಯೂ ಹೊತ್ತಿಗೆ ಕೊಟ್ಟರೂ ನಡೆಯುತ್ತಿತ್ತು. 2024ರ ಡಿಸೆಂಬರ್ 2ರಿಂದ ಐ-485 ಜೊತೆಗೇ ಇರಬೇಕು. ಹಳೆಯ ಸ್ನೇಹಿತರು ಕೊಡುವ ಸಲಹೆ ಹಳೆಯ ನಿಯಮದ್ದು ಅನ್ನುವುದಕ್ಕೆ ಇದೊಂದೇ ಉದಾಹರಣೆ ಸಾಕು.

ನಮ್ಮ ಊರಿನವರಿಗೆ ನಿಜವಾದ ತಲೆನೋವು ಜನನ ಪ್ರಮಾಣಪತ್ರ. ಹಳೆಯ ಪ್ರಮಾಣಪತ್ರಗಳಲ್ಲಿ ಅಪ್ಪ ಅಮ್ಮನ ಹೆಸರಿರುತ್ತದೆ, ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ಬರೆಸಿದ್ದು. ಊರಿನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು, ಆದರೆ ಯಾರಾದರೂ ಹೋಗಿ ಓಡಾಡಬೇಕು, ಅದಕ್ಕೆ ಮದುವೆಗೆ ಮುಂಚೆಯೇ ಶುರುಮಾಡಿ. ಪ್ರಮಾಣಪತ್ರವೇ ಇಲ್ಲದಿದ್ದರೆ, ಇಲ್ಲ ಅಂತ ಕಚೇರಿಯಿಂದ ಬರೆಸಿಕೊಂಡು, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್ ಮತ್ತು ಹುಟ್ಟಿದ್ದು ಗೊತ್ತಿರುವ ಹಿರಿಯರ ಅಫಿಡವಿಟ್ ಸೇರಿಸಿ ಕೊಡುತ್ತಾರೆ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ಯಾರು ಬೇಕಾದರೂ ಅನುವಾದಿಸಿ, ಇದು ಸರಿಯಾಗಿದೆ ಅಂತ ಬರೆದು ಸಹಿ ಹಾಕಬಹುದು, ಅದಕ್ಕೆ ಏಜೆನ್ಸಿಗೆ ದುಡ್ಡು ಸುರಿಯಬೇಕಾಗಿಲ್ಲ. ಹೆಸರಿನ ಗೋಳು ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲದವರ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿರುತ್ತದೆ, ಮ್ಯಾರೇಜ್ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಬಳಸಿದ ಹೆಸರುಗಳೆಲ್ಲವನ್ನೂ ಫಾರಂನಲ್ಲಿ ಬರೆಯಿರಿ, ಅದಕ್ಕೆಂದೇ ಜಾಗವಿದೆ.

ಐ-864 ಬಗ್ಗೆ ಸಿಟಿಜನ್ ಆದವರಿಗೆ ಒಂದು ಮಾತು. ಇದು ಆರ್ಥಿಕ ಹೊಣೆಯ ಪತ್ರ. ನಿಮ್ಮ ಆದಾಯ ಸರ್ಕಾರದ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು, ಇಲ್ಲದಿದ್ದರೆ ಇನ್ನೊಬ್ಬರು ಜಂಟಿಯಾಗಿ ಸಹಿ ಹಾಕಬಹುದು. ಡಿವೋರ್ಸ್ ಆದರೂ ಈ ಹೊಣೆ ಹೋಗಲ್ಲ! ಅವರು ಸಿಟಿಜನ್ ಆಗುವ ತನಕ ಅಥವಾ ಅವರ ಹೆಸರಿಗೆ 40 ತ್ರೈಮಾಸಿಕದ ದುಡಿಮೆ ಜಮೆಯಾಗುವ ತನಕ, ಅಂದರೆ ಹತ್ತಿರ ಹತ್ತಿರ 10 ವರ್ಷ, ಸಾಮಾನ್ಯವಾಗಿ ಉಳಿಯುತ್ತದೆ. ಜಂಟಿ ಸಹಿಗೆ ದೂರದ ಮಾವನನ್ನು ಕೇಳುವ ಮುಂಚೆ ಇದನ್ನು ಅವರಿಗೆ ಹೇಳಿ.

ಈಗ ಟಿಕೆಟ್ ವಿಷಯ. ಮದುವೆ ಅಂದಮೇಲೆ ಅಪ್ಪ ಅಮ್ಮ ಕೇಳುವುದು ಸಹಜ: "ಇಲ್ಲೇ ಬಂದು ಮಾಡ್ಕೊಳ್ಳಿ, ಛತ್ರ ಬುಕ್ ಮಾಡ್ತೀವಿ." ತೊಂದರೆ ಇರುವುದು ವಾಪಸ್ ಬರುವಾಗ. ಎಫ್-1 ಕೊಟ್ಟಿರುವುದೇ ಓದು ಮುಗಿಸಿ ಹಿಂದಿರುಗುತ್ತೇನೆ ಅನ್ನುವ ಭರವಸೆಯ ಮೇಲೆ. ಸಿಟಿಜನ್‌ನ ಮದುವೆಯಾಗಿ, ಇಲ್ಲೇ ನೆಲೆಸುವ ಮನಸ್ಸಿಟ್ಟುಕೊಂಡು, ಮತ್ತೆ ಅದೇ ವೀಸಾ ತೋರಿಸಿ ಬರುವುದು ಆ ಮಾತಿಗೆ ವಿರುದ್ಧ. ಕಾನ್ಸುಲೇಟ್‌ನವರೂ ವೀಸಾ ನಿರಾಕರಿಸಬಹುದು, ಏರ್‌ಪೋರ್ಟ್ ಅಧಿಕಾರಿಯೂ ತಡೆಯಬಹುದು. ವಿದೇಶಾಂಗ ಇಲಾಖೆಯದು 90 ದಿನದ ನಿಯಮ ಅಂತಲೂ ಒಂದಿದೆ: ಒಳಗೆ ಬಂದ 90 ದಿನದೊಳಗೆ ಸಿಟಿಜನ್‌ನ ಮದುವೆಯಾಗಿ ಇಲ್ಲೇ ವಾಸಕ್ಕೆ ನಿಂತರೆ, ಬರುವಾಗಲೇ ಸುಳ್ಳು ಹೇಳಿದ್ದರು ಅಂತ ಅವರು ಊಹಿಸಬಹುದು. ಯುಎಸ್‌ಸಿಐಎಸ್‌ಗೆ ಅದು ಕಟ್ಟುಪಾಡಲ್ಲ, ಹಾಗಂತ ಅವರು ತಾರೀಖು ನೋಡಲ್ಲ ಅಂತಲೂ ಅಲ್ಲ.

ಅರ್ಜಿ ಹಾಕಿದ ಮೇಲೆ ಇನ್ನೂ ಬಿಗಿ. ಐ-485 ಬಾಕಿ ಇರುವಾಗ, ಐ-131ರಲ್ಲಿ ಕೇಳಿದ ಪ್ರಯಾಣದ ಅನುಮತಿ, ಅಂದರೆ ಅಡ್ವಾನ್ಸ್ ಪೆರೋಲ್, ಕೈಗೆ ಬರುವ ಮುಂಚೆ ಎಫ್-1ನವರು ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ. ಅಜ್ಜಿ ತೀರಿಕೊಂಡರು, ತಂಗಿಯ ಮದುವೆ, ಯಾವ ಕಾರಣ ಹೇಳಿದರೂ ಅಷ್ಟೇ. ಪೆರೋಲ್ ಬಳಸಿ ಹೋಗಿ ಬಂದರೆ ಅರ್ಜಿ ಉಳಿಯುತ್ತದೆ, ಆದರೆ ಸ್ಟೂಡೆಂಟ್ ಆಗಿ ಅಲ್ಲ, ಪೆರೋಲ್ ಮೇಲೆ ಒಳಗೆ ಬಂದವರಾಗುತ್ತೀರಿ. ಹೊಸ ಪರ್ಮಿಟ್‌ನಲ್ಲಿ ಕೆಲಸ ಶುರುಮಾಡಿದರೂ ಎಫ್-1 ಹೋದಂತೆಯೇ. ನಾಳೆ ಐ-485 ತಿರಸ್ಕಾರವಾದರೆ ಹಿಂದಕ್ಕೆ ನಿಲ್ಲಲು ನೆಲವಿರಲ್ಲ. ಅದಕ್ಕೇ ಓದು ಅಥವಾ ಒಪಿಟಿ (ಎಫ್-1ನವರಿಗೆ ಓದಿಗೆ ಸಂಬಂಧಿಸಿದ ಕೆಲಸದ ಅನುಮತಿ) ನಡೆಯುತ್ತಿದ್ದರೆ ಅದನ್ನೇ ಮುಂದುವರಿಸಿ ಅಂತ ನಾನು ಹೇಳುವುದು. ನಮ್ಮ ಮನೆಯಲ್ಲಿ ಇಲ್ಲಿ ರಿಜಿಸ್ಟರ್ ಆಯಿತು, ಗ್ರೀನ್ ಕಾರ್ಡ್ ಬಂದ ಮೇಲೆ ಊರಲ್ಲಿ ಶಾಸ್ತ್ರ ಆಯಿತು. ಅತ್ತೆ ಸ್ವಲ್ಪ ದಿನ ಮುನಿಸಿಕೊಂಡಿದ್ದರು. ಪರವಾಗಿಲ್ಲ.

ಸ್ಟೇಟಸ್ ಈಗಾಗಲೇ ಹೋಗಿದ್ದರೆ? ಸಿಟಿಜನ್‌ನ ಗಂಡ ಹೆಂಡತಿಗೆ ಹೆಚ್ಚು ದಿನ ಉಳಿದದ್ದು, ಅನುಮತಿಯಿಲ್ಲದೆ ದುಡಿದದ್ದು ಇವೆರಡೂ ಐ-485ಕ್ಕೆ ಸಾಮಾನ್ಯವಾಗಿ ಅಡ್ಡಿಯಲ್ಲ. ಆದರೆ ಐ-130 ಮಂಜೂರಾದರೂ ಅದು ಸ್ಟೇಟಸ್ ಕೊಡಲ್ಲ, ಗಡೀಪಾರಿನ ನೋಟಿಸ್ ಬರಲಾರದು ಅನ್ನುವ ಭರವಸೆಯೂ ಇಲ್ಲ. ಅಂಥವರು, ಜೆ-1 ಅನ್ನುವ ವಿನಿಮಯ ವೀಸಾದಲ್ಲಿ ಬಂದು ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತು ಇರುವವರು, ಯಾವುದಾದರೂ ಪೊಲೀಸ್ ಕೇಸ್ ಇರುವವರು ನನ್ನಂಥವರ ಮಾತು ಬಿಟ್ಟು ಸೀದಾ ವಕೀಲರ ಹತ್ತಿರ ಹೋಗಿ.

ಇಂಟರ್ವ್ಯೂ? ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರು, ಜಂಟಿ ಬ್ಯಾಂಕ್ ಖಾತೆ, ಒಟ್ಟಿಗೆ ಸಲ್ಲಿಸಿದ ಟ್ಯಾಕ್ಸ್, ಇನ್ಶೂರೆನ್ಸ್, ಒಂದಷ್ಟು ಫೋಟೋ. ಇಡೀ ಮದುವೆ ಆಲ್ಬಮ್ ಹೊತ್ತುಕೊಂಡು ಹೋಗಬೇಡಿ. ಖಾತೆ ತೆರೆದರೆ ಸಾಲದು, ಅದರಿಂದ ಕರೆಂಟ್ ಬಿಲ್ಲು, ದಿನಸಿ ಖರ್ಚು ಹೋಗುತ್ತಿರುವುದು ಕಾಣಬೇಕು. ನಮ್ಮ ಅಧಿಕಾರಿ ಜಾಸ್ತಿ ಹೊತ್ತು ಕಳೆದಿದ್ದು ಐ-485ರ ಹೌದು-ಇಲ್ಲ ಪ್ರಶ್ನೆಗಳ ಮೇಲೆ. ಕಮ್ಯುನಿಸ್ಟ್ ಪಾರ್ಟಿ ಸದಸ್ಯರಾಗಿದ್ದಿರಾ, ನರಮೇಧದಲ್ಲಿ ಭಾಗವಹಿಸಿದ್ದೀರಾ... ನನ್ನ ಗಂಡ ಪಾಠ ಒಪ್ಪಿಸಿದ ಹಾಗೆ ಇಲ್ಲ, ಇಲ್ಲ ಅನ್ನುತ್ತಾ ಹೋದರು. ಸುಮ್ನೆ ಕಾಗದಕ್ಕೆ ಮದುವೆಯಾಗುವ ಯೋಚನೆ ಇರುವವರಿಗೆ: 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ, ಮುಂದೆ ಯಾರು ಅರ್ಜಿ ಹಾಕಿದರೂ ಮಂಜೂರಾಗದಂಥ ನಿಷೇಧ.

ಕಾರ್ಡ್ ಮಂಜೂರಾಗುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಬರುವುದು ಎರಡು ವರ್ಷದ ಷರತ್ತಿನ ಕಾರ್ಡ್. 1986ರಲ್ಲಿ ಬಂದ ಕಾನೂನು ಇದು. ಅದರ ಅವಧಿ ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಐ-751 ಹಾಕಬೇಕು. ಮದುವೆ ಮುರಿದಿದ್ದರೆ ಒಬ್ಬರೇ ಹಾಕುವ ದಾರಿಯೂ ಇದೆ. ಬಾಡಿಗೆ ಕರಾರು, ಬ್ಯಾಂಕ್ ಕಾಗದ ಮತ್ತೆ ಬೇಕಾಗುವುದು ಆಗಲೇ, ಮೊದಲ ಕಾರ್ಡ್ ಬಂತು ಅಂತ ಫೈಲ್ ಎಸೆಯಬೇಡಿ. ಇನ್ನು ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11ರಲ್ಲಿ ಹೊಸ ವಿಳಾಸ ಕೊಡಿ. ಪೋಸ್ಟ್ ಆಫೀಸಿಗೆ ಹೇಳಿದರೆ ಯುಎಸ್‌ಸಿಐಎಸ್‌ಗೆ ಹೇಳಿದಂತೆ ಅಲ್ಲ.