ಹಸಿದ ಹೊಟ್ಟೆಯ ಸಕ್ಕರೆ

12 ನವೆಂಬರ್ 2024, ಮಂಗಳವಾರ

ರಾತ್ರಿ ಮಲಗುವಾಗ 131, ಬೆಳಗ್ಗೆ ಆರಕ್ಕೆ 168. ಅಪ್ಪ ಗ್ಲುಕೋಮೀಟರನ್ನು ಮೇಜಿನ ಮೇಲೆ ಕುಕ್ಕಿ, ಬೆರಳ ತುದಿಗೆ ಹತ್ತಿ ಒತ್ತಿಕೊಳ್ಳುತ್ತ ನನ್ನನ್ನೇ ದುರುಗುಟ್ಟಿದರು.

"ಅರ್ಧ ಮುದ್ದೆ, ಸೊಪ್ಪಿನ ಸಾರು. ಆಮೇಲೆ ನೀರು ಬಿಟ್ಟು ಏನೂ ಮುಟ್ಟಿಲ್ಲ. ನಿದ್ದೆಗಣ್ಣಲ್ಲಿ ಎದ್ದು ಬೆಲ್ಲ ತಿಂದೆನೇ?"

"ತಿಂದಿದ್ದರೂ ತಿಂದಿರಬಹುದು" ಎಂದಳು ಅಮ್ಮ, ಅಡುಗೆಮನೆಯಿಂದಲೇ.

ನಿಮ್ಮ ಲಿವರೇ ಮಾಡಿದ್ದಪ್ಪ ಎಂದೆ. ಅದಕ್ಕೆ ಇನ್ನಷ್ಟು ಸಿಟ್ಟು. "ನನ್ನ ಲಿವರಿಗೇನಾಗಿದೆ? ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ!"

ಯಕೃತ್ತೆಂದರೆ ಕಣಜ ಎಂದು ಶುರು ಮಾಡಿದೆ. ಉಪವಾಸದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಬಿಡುವುದು ಅದೇ. ಬೆಳಗಿನ ಜಾವ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಸೇರಿ ಕಣಜದ ಬಾಯನ್ನು ಇನ್ನಷ್ಟು ಅಗಲಿಸುತ್ತವೆ. ಸಾಕು ಎನ್ನಬೇಕಾದದ್ದು ಇನ್ಸುಲಿನ್. ಅದು ಯಕೃತ್ತಿಗೆ ನೇರವಾಗಿಯೂ ಹೇಳುತ್ತದೆ, ಮಿದುಳಿನ ಹೈಪೋಥಲಾಮಸ್‌ಗೂ ಹೇಳುತ್ತದೆ. ಅಲ್ಲಿಂದ ವೇಗಸ್ ನರ ಹಿಡಿದು ಆ ಮಾತು ಯಕೃತ್ತಿಗೆ ಇಳಿಯುತ್ತದೆ. ಇಲಿಗಳಲ್ಲಿ ಆ ನರದ ಕವಲನ್ನು ಕತ್ತರಿಸಿದಾಗ ಮಿದುಳಿನ ಅಪ್ಪಣೆ ನಡೆಯಲಿಲ್ಲ. ಮನುಷ್ಯರಲ್ಲಿ ಈ ಸುತ್ತುದಾರಿಯ ಪಾಲೆಷ್ಟು ಎಂಬ ಜಗಳ ಇನ್ನೂ ಹರಿದಿಲ್ಲ. ಹನ್ನೊಂದು ವರ್ಷ ತರಗತಿಯಲ್ಲಿ ನಾನು ನೇರ ದಾರಿಯನ್ನಷ್ಟೇ ಬರೆಸಿದ್ದೇನೆ. ಪರೀಕ್ಷೆಗೆ ಅಷ್ಟು ಸಾಕು ಎಂಬ ಸೋಮಾರಿತನ, ಬೇರೇನಲ್ಲ.

ಅಪ್ಪನಿಗೆ ಹಿಡಿಸಿದ್ದು ಮೊಲದ ಕಥೆ. 1849ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಮಿದುಳಿನ ಬುಡದಲ್ಲಿ, ನಾಲ್ಕನೆಯ ಕುಹರದ ತಳಕ್ಕೆ ಸೂಜಿ ಚುಚ್ಚಿದ. ಸ್ವಲ್ಪ ಹೊತ್ತಿಗೆ ಅದರ ಮೂತ್ರದಲ್ಲಿ ಸಕ್ಕರೆ! ಇನ್ಸುಲಿನ್ ಪತ್ತೆಯಾಗಲು ಇನ್ನೂ ಎಪ್ಪತ್ತೆರಡು ವರ್ಷ ಇತ್ತು.

"ಪಾಪದ ಮೊಲ" ಎಂದರು. ಹತ್ತಿ ಎತ್ತಿ ನೋಡಿದರು, ರಕ್ತ ನಿಂತಿತ್ತು. "ಸೂಜಿಯೇ ಚುಚ್ಚಬೇಕೇ? ಯೋಚನೆ ಚುಚ್ಚಿದರೂ ಏರುತ್ತದೆಯೇ?"

ಏರುತ್ತದೆ, ಮಿದುಳು ಗಾಬರಿಯಾದರೆ ಅಡ್ರಿನಲಿನ್ ಹೊರಡುತ್ತದೆ, ಯಕೃತ್ತು ದಾಸ್ತಾನು ಬಿಚ್ಚುತ್ತದೆ ಎಂದು ಪಾಠದ ದನಿಯಲ್ಲೇ ಹೇಳುತ್ತಿದ್ದೆ. ಅವರು ಕೇಳುತ್ತಿರಲಿಲ್ಲ.

"ನಿನ್ನ ತಮ್ಮ ನಿನಗಾದರೂ ಫೋನ್ ಮಾಡಿದ್ದನೇ?"

ಮೂರು ವಾರವಾಯಿತು. ರಾತ್ರಿ ಎರಡಕ್ಕೆ ಹಜಾರದ ದೀಪ ಉರಿಯುತ್ತಿದ್ದುದನ್ನು ನಾನೂ ನೋಡಿದ್ದೆ. ನೀರಿಗೆ ಎದ್ದಿರಬೇಕು ಎಂದುಕೊಂಡಿದ್ದೆ.